ಅಪ್ಪನ ಬೆಣೆ, ಮಗನ ಪ್ಯಾಕಿಂಗು

ಓಂಕಾರಮೂರ್ತಿಯವರೂ ಅವರ ಮಗ ಪ್ರಸನ್ನಕುಮಾರನೂ ಮಾತು ಬಿಟ್ಟದ್ದು ಆಸ್ತಿಗಲ್ಲ, ಬೇಲಿಗಲ್ಲ, ಸತ್ತುಹೋದ ಒಂದು ಇಂಜಿನ್ನಿನ ದೆಸೆಯಿಂದ.

ಬಾಳೂರಿನ ಬಸ್ ರಸ್ತೆಯಿಂದ ಗುಡ್ಡ ಹತ್ತುವ ಕಲ್ಲುದಾರಿಯ ತುದಿಗೆ ಅವರ ಮನೆ. ಸುತ್ತ ಸ್ವಲ್ಪ ಕಾಫಿ, ಪಕ್ಕದ ತಗಡಿನ ಶೆಡ್ಡಿನಲ್ಲಿ ಹಳೇ ವಿಲ್ಲಿಸ್ ಜೀಪು. ಓಂಕಾರಮೂರ್ತಿಯವರು ಪ್ರಾಯದಲ್ಲಿ ಎಸ್ಟೇಟೊಂದರ ಹರಾಜಿನಲ್ಲಿ ಹಿಡಿದ ಜೀಪು ಅದು. ಕಾಫಿ ಮೂಟೆ, ಕೆಲಸದವರು, ಬಾಣಂತಿಯರು, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತು ಹೊತ್ತು ಈ ಸಲ ದಸರೆಗೆ ಮುಂಚೆ ಅದರ ಪೆಟ್ರೋಲ್ ಇಂಜಿನ್ ನಿಂತೇ ಹೋಯಿತು. ಅವರು ತರೀಕೆರೆಗೆ ನೆಂಟರ ಮದುವೆಗೆ ಹೋಗಿದ್ದಾಗ ಮಗ ಆ ಇಂಜಿನ್ ಬಿಚ್ಚಿ ಗುಜರಿಗೆ ಹಾಕಿ, ಮೂಡಿಗೆರೆಯಿಂದ ಯಾವುದೋ ಪಿಕಪ್ಪಿನ ಡೀಸೆಲ್ ಇಂಜಿನ್ ತಂದು ಶೆಡ್ಡಿನಲ್ಲಿಳಿಸಿದ್ದ. ವಾಪಸು ಬಂದವರು ಬಾನೆಟ್ಟಿನೊಳಗಿನ ಖಾಲಿ ಹೊಂಡವನ್ನು ನೋಡಿ ಕೈಯಲ್ಲಿದ್ದ ತಾಂಬೂಲದ ಚೀಲವನ್ನೂ ಕೆಳಗಿಡದೆ ನಿಂತರು.

"ಒಂದು ಮಾತು ಕೇಳ್ಬಾರ್ದಿತ್ತೇನೋ?"

"ಕೇಳಿದ್ರೆ ಬಿಡ್ತಿದ್ರಾ ಅಪ್ಪ? ಪೂಜೆಗಿಡೋಕಾ ಅದು?"

"ಸರಿ ಬಿಡು. ಇನ್ನು ಕೇಳೋದೂ ಬೇಡ, ಹೇಳೋದೂ ಬೇಡ."

ಅಪ್ಪನದು ಹಟ, ಮಗನದು ಅದೇ ಅಚ್ಚಿನಲ್ಲಿ ಎರಕ ಹೊಯ್ದ ಹಟ. ಅಂದಿನಿಂದ ಇಬ್ಬರ ಮಾತೂ ಸೊಸೆ ಸುಪ್ರಿಯಾಳ ಬಾಯಿಂದಲೇ ಓಡಾಡಬೇಕಾಯಿತು. ಊಟಕ್ಕೆ ಇಬ್ಬರೂ ಒಂದೇ ಮಣೆಸಾಲಿನಲ್ಲಿ ಕೂರುತ್ತಿದ್ದರು, ಮೊಣಕೈ ತಾಗುವಷ್ಟು ಹತ್ತಿರ.

"ಸುಪ್ರಿಯಾ, ಆ ಇಂಜಿನಿಯರ್ ಸಾಹೇಬ್ರಿಗೆ ಕೇಳಮ್ಮ, ಇಂಜಿನ್ ಕೂರ್ಸೋಕೆ ಇನ್ನೆಷ್ಟು ಕಾಲ ಬೇಕು ಅಂತ."

"ಅಪ್ಪಂಗೆ ಹೇಳು, ಇದು ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕಿದ ಹಾಗಲ್ಲ ಅಂತ."

ಇಬ್ಬರ ಕಿವಿಗಳೂ ಚುರುಕಾಗೇ ಇದ್ದವು. ಆದರೂ ಸುಪ್ರಿಯಾ ರೊಟ್ಟಿ ಬಡಿಸುತ್ತಾ ಇನ್ನೊಮ್ಮೆ ಹೇಳುವ ತನಕ ಯಾರೂ ಕೇಳಿಸಿಕೊಂಡಂತೆ ಮಾಡುತ್ತಿರಲಿಲ್ಲ. ಅದೂ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುವಂತಿರಲಿಲ್ಲ. ಅತ್ತೆ ಮುದ್ದಮ್ಮ ಜಗಳದ ಮೊದಲ ವಾರದಲ್ಲೇ ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿ ಬುದ್ಧಿ ಹೇಳಿದ್ದರು.

"ಅವರು ಅಂದಿದ್ದನ್ನೆಲ್ಲ ಇವನಿಗೆ ಒಪ್ಪಿಸ್ಬೇಡ ಮಾರಾಯ್ತಿ. ಬೈಗುಳ ಸೋಸಿ ತೆಗೆದು ಉಳಿದಿದ್ದು ಹೇಳು. ನಾನು ನಮ್ಮ ಮಾವನ ಕಾಲದಿಂದ ಹಂಗೇ ಮಾಡ್ಕೊಂಡು ಬಂದಿದೀನಿ. ಇಲ್ದಿದ್ರೆ ಈ ಗಂಡಸ್ರು ಎಂದೋ ಹೊಡೆದಾಡಿ ಸಾಯ್ತಿದ್ರು."

ಸುಪ್ರಿಯಾ ಜಾಣೆ. ಬೇಗ ಕಲಿತಳು.

ಅವಳಿಗೆ ಆ ಜೀಪು ಬೇಕಿತ್ತು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಅವಳಿಗೇ ಬೇಕಿತ್ತು. ದಸರಾ ರಜೆ ಮುಗಿದ ಮೇಲೆ ಸಂಸೆಯ ಒಂದು ಹೈಸ್ಕೂಲಿನಲ್ಲಿ ಅವಳು ಗಣಿತಕ್ಕೆ ಅತಿಥಿ ಶಿಕ್ಷಕಿಯಾಗಿ ಸೇರಿದ್ದಳು. ಬಿ.ಎಡ್. ಮುಗಿಸಿ, ಮದುವೆಯಾಗಿ, ಈ ಗುಡ್ಡದ ಮೇಲೆ ಬಂದು ಕೂತ ಮೇಲೆ ಸಿಕ್ಕ ಮೊದಲ ಕೆಲಸ. ತೊಂದರೆ ಇದ್ದದ್ದು ದಾರಿಯದ್ದು. ಆನೆಗಳು ಈ ಕಡೆ ತಿರುಗಿದ ಮೇಲೆ ಬೆಳಿಗ್ಗೆ ಬಿಸಿಲೇರುವ ತನಕ ಕಲ್ಲುದಾರಿಯಲ್ಲಿ ಯಾರೂ ನಡೆದು ಹೋಗುವುದಿಲ್ಲ, ಬೈಕೂ ತೆಗೆಯುವುದಿಲ್ಲ. ಹಾಲಿನ ವ್ಯಾನು ಬಂದ ಮೇಲೆ ಅದರಲ್ಲಿ ಇಳಿದು, ಆಮೇಲಿನ ಬಸ್ಸು ಹಿಡಿದು, ಅವಳು ಶಾಲೆ ಮುಟ್ಟುವಾಗ ಎರಡನೇ ಪಿರಿಯಡ್ಡು ನಡೆಯುತ್ತಿರುತ್ತಿತ್ತು. ಹೆಡ್‌ಮಾಸ್ಟರು ಒಳ್ಳೆಯವರು. ಗದರಲಿಲ್ಲ.

"ಹತ್ತನೇ ಕ್ಲಾಸಿಗೆ ಮೊದಲ ಪಿರಿಯಡ್ಡೇ ಗಣಿತ ಮೇಡಂ. ಮಕ್ಕಳು ನಿಮ್ಮನ್ನ ಬಹಳ ಹಚ್ಕೊಂಡಿದಾರೆ. ಡಿಸೆಂಬರ್ ಒಳಗೆ ಏನಾದ್ರೂ ಒಂದು ದಾರಿ ಮಾಡ್ಕೊಳ್ಳಿ. ಆಮೇಲೆ ನನ್ನ ಕೈಲೂ ಆಗಲ್ಲ."

ಶಾಲೆಯಲ್ಲಿ ಅವಳು ಮೇಡಂ. ಅವಳು ಹೇಳಿದ್ದನ್ನು ಮಕ್ಕಳು ಅವಳ ಮಾತೆಂದೇ ಕೇಳುತ್ತಿದ್ದರು. ಬೇರೆಯವರ ಮಾತು ಹೊತ್ತು ತಿರುಗಬೇಕಾಗಿಲ್ಲದ ಆ ನಾಲ್ಕು ಗಂಟೆಗೋಸ್ಕರ ಅವಳು ಬೆಳಗಿನ ಚಳಿಯಲ್ಲೆದ್ದು ರೊಟ್ಟಿ ತಟ್ಟಿ, ಕೊಟ್ಟಿಗೆ ಗುಡಿಸಿ, ಮಾವನ ಪೂಜೆಯ ನೀರಿಟ್ಟು ಓಡುತ್ತಿದ್ದಳು. ಅದು ಕೈತಪ್ಪಿದರೆ ತನಗೆ ಉಳಿಯುವುದು ಈ ಒಲೆ, ಈ ಅಂಚೆ ಕೆಲಸ ಎರಡೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನವೆಂಬರ್ ನಡುವಿಗೆ ಇಂಜಿನ್ ಜೀಪಿನೊಳಗೆ ಕೂತಿತು. ಬಾಳೂರಿನ ವೆಲ್ಡರ್ ಲಿಂಗಪ್ಪ ಬಂದು ಇಂಜಿನ್ ಕೂರುವ ಫೌಂಡೇಶನ್ ಬೆಸೆದು ಹೋದ. ಪ್ರಸನ್ನ ಗುಡ್ಡದ ಕೆಳಗಿನ ತನಕ ಓಡಿಸಿಕೊಂಡು ಹೋಗಿ, ಬಂದವನು ಸುಮ್ಮನೆ ಜಗಲಿಯ ಮೇಲೆ ಕೂತ.

"ಏನಾಯ್ತು ರೀ?"

"ಟಾರ್ ರಸ್ತೆಗೆ ಹೋಗಿ ಸ್ವಲ್ಪ ಸ್ಪೀಡ್ ಹಿಡಿದ್ರೆ ಇಡೀ ಜೀಪು ಗಡಗಡ ಅನ್ನುತ್ತೆ. ಹಲ್ಲೆಲ್ಲ ಉದುರ್ಬೇಕು."

"ಇಂಜಿನ್ನೇ ಕೆಟ್ಟದ್ದಾ?"

"ಇಂಜಿನ್ ಚಿನ್ನದಂಥದ್ದು. ಕೂತಿರೋ ರೀತಿ ಸರಿಯಿಲ್ಲ." ಅವನು ಒಳಗಿಂದ ಲಟ್ಟಣಿಗೆ ತಂದು ಅವಳ ಮುಂದೆ ಹಿಡಿದ. "ನೋಡು, ಇದು ಗೇರ್‌ಬಾಕ್ಸಿಂದ ಹಿಂದಿನ ಚಕ್ರಗಳ ನಡುವಿನ ಹೌಸಿಂಗಿಗೆ ಹೋಗೋ ಶಾಫ್ಟು ಅಂದ್ಕೋ. ಎರಡು ತುದೀಲೂ ಕ್ರಾಸ್ ಇದೆ, ಅಲ್ಲಿ ಶಾಫ್ಟು ಮಡಚುತ್ತೆ. ಈ ಇಂಜಿನ್ ಹೊಟ್ಟೆ ದೊಡ್ಡದು, ಮುಂದಿನ ಆಕ್ಸಲ್ಲಿಗೆ ತಾಗುತ್ತೆ ಅಂತ ಮೂತಿ ಎತ್ತಿ ಕೂರ್ಸಿದೀನಿ. ಮೂತಿ ಎತ್ತಿದ್ರೆ ಬಾಲ ಇಳೀತಲ್ಲ? ಬಾಲ ಎಷ್ಟು ಕೆಳಗೆ ನೋಡುತ್ತೋ, ಹೌಸಿಂಗಿನ ಮೂತಿ ಅಷ್ಟೇ ಮೇಲೆ ನೋಡ್ಬೇಕು."

"ಅಂದ್ರೆ ಎರಡೂ ಸಮಾಂತರ ಇರ್ಬೇಕು."

"ಹಾಂ, ನಿನ್ನ ಗಣಿತದಲ್ಲಿ ಅದೇ. ಈಗ ನಾಲ್ಕು ಡಿಗ್ರಿ ವ್ಯತ್ಯಾಸ ಇದೆ, ಫೋನಿನ ಆ್ಯಪಲ್ಲಿ ಅಳೆದೆ. ಗೇರ್‌ಬಾಕ್ಸ್ ಕೆಳಗೆ ಪ್ಯಾಕಿಂಗ್ ಕೊಟ್ಟು ಬಾಲ ಎತ್ತಿದ್ರೆ ಮುಗೀತು. ನಾಳೆ ಮೂಡಿಗೆರೆಗೆ ಹೋಗಿ ಪ್ಲೇಟ್ ಕೊಯ್ಸಿಕೊಂಡು ಬರ್ತೀನಿ."

ಒಳಗಿನಿಂದ ಮುದ್ದಮ್ಮ ಗೊಣಗಿದರು. "ತೊಟ್ಟಿಲು ಕಟ್ಟೋ ವಯಸ್ಸಲ್ಲಿ ಗಂಡ ಹೆಂಡತಿ ಜೀಪು ಕಟ್ತಾ ಕೂತಿದಾರೆ."

ಮರುದಿನ ಭಾನುವಾರ. ಪ್ರಸನ್ನ ಮೂಡಿಗೆರೆಗೆ ಹೋದ. ಅವನ ಬೈಕಿನ ಸದ್ದು ಅಡಗಿದ್ದೇ ತಡ, ಓಂಕಾರಮೂರ್ತಿಯವರು ಪಂಚೆ ಎತ್ತಿ ಕಟ್ಟಿ ಶೆಡ್ಡಿಗೆ ಹೊಕ್ಕರು. ಮಧ್ಯಾಹ್ನದ ತನಕ ಜಾಕಿನ ಸದ್ದು, ಸುತ್ತಿಗೆಯ ಸದ್ದು. ಕಾಫಿ ಕೊಡಲು ಹೋದ ಸುಪ್ರಿಯಾಳಿಗೆ ಜೀಪಿನಡಿಯಲ್ಲಿ ಮಾವನ ಎರಡು ಕಾಲು ಮಾತ್ರ ಕಂಡವು. ಊಟಕ್ಕೆ ಬಂದಾಗ ಅವರ ಹಣೆಯ ವಿಭೂತಿಯ ಮೇಲೆ ಗ್ರೀಸು ಬಳಿದಿತ್ತು. ಸುಪ್ರಿಯಾ ಒಂದು ಕಡೆ ರೊಟ್ಟಿ ಬೇಯಿಸುತ್ತಾ, ಇನ್ನೊಂದು ಕಡೆ ಸಾರಿಗೆ ಒಗ್ಗರಣೆ ಹಾಕುತ್ತಾ, ನಡುವೆ ಮಕ್ಕಳ ಟೆಸ್ಟ್ ಪೇಪರ್ ಉಳಿದಿದೆಯಲ್ಲ ಎಂದು ಸಂಕಟಪಡುತ್ತಾ ಇದ್ದಳು.

"ನಿನ್ನ ಗಂಡನಿಗೆ ಹೇಳಮ್ಮ," ಮಾವ ಶುರುಮಾಡಿದರು, "ಅವನಪ್ಪ ಇನ್ನೂ ಸತ್ತಿಲ್ಲ ಅಂತ. ಡಿಪ್ಲೊಮಾ ಮಾಡಿದ್ನಂತೆ, ಹೌಸಿಂಗ್ ನೆಲ ನೋಡ್ಕೊಂಡು ಕೂತಿರೋದು ಆ ಕತ್ತೆಗೆ ಕಾಣ್ಲಿಲ್ಲ. ದಾರ ಹಿಡಿದು ನೋಡ್ದೆ. ಸ್ಪ್ರಿಂಗ್ ಪಟ್ಟಿ ಕೆಳಗೆ ಎರಡೂ ಕಡೆ ಬೆಣೆ ಕೊಟ್ಟು ಎತ್ತಿದೀನಿ. ಇನ್ನು ಗೇರ್‌ಬಾಕ್ಸಿಗೆ ಕೈ ಹಚ್ಬಾರ್ದು ಅಂತ ಹೇಳು. ಹಚ್ಚಿದ್ರೆ ಆ ಕೈ ಮುರಿದು ಇನ್ನೊಂದು ಕೈಗೆ ಕೊಡ್ತೀನಿ. ಅಪ್ಪನಿಗೆ ಹೇಳದೆ ಇಂಜಿನ್ ಮಾರ್ಕೊಂಡು ತಿಂದವನು!"

"ಹೇಳ್ತೀನಿ ಮಾವ. ಇನ್ನೊಂದು ರೊಟ್ಟಿ?"

ಸಂಜೆ ಪ್ರಸನ್ನ ಬಂದ. ಕೈಕಾಲು ತೊಳೆಯುವಾಗ ಸುಪ್ರಿಯಾ ಚೊಂಬು ಹಿಡಿದು ನಿಂತು, ಕತ್ತೆಯನ್ನು ಬಿಟ್ಟಳು, ಡಿಪ್ಲೊಮಾ ಬಿಟ್ಟಳು, ಕೈ ಮುರಿಯುವುದನ್ನು ಬಿಟ್ಟಳು. ಬೈಗುಳದ ಜೊತೆಗೆ ಅದಕ್ಕಂಟಿಕೊಂಡಿದ್ದ ಬೆಣೆಯೂ ಬಿಟ್ಟುಹೋಯಿತು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೈಗೆ ಕಾಳೂ ಹೋಗುತ್ತದಲ್ಲ, ಹಾಗೆ.

"ಮಾವ ಗೇರ್‌ಬಾಕ್ಸ್ ಮುಟ್ಟೋದು ಬೇಡ ಅಂದ್ರು."

"ಯಾಕಂತೆ?"

"ಹಾಗೇ ಅಂದ್ರಪ್ಪ."

"ಹಾಗೇ ಅಂದ್ರಾ! ಹಾಗಾದ್ರೆ ಮುಟ್ಟೇ ಮುಟ್ತೀನಿ." ಅವನು ಟವೆಲ್ಲು ಕೊಡವಿ ಒಳಗೆ ಹೋದ.

ಮರುದಿನ ಮಾವ ತೋಟದ ಆ ತುದಿಗೆ ಹೋದ ಹೊತ್ತು ನೋಡಿ ಅವನು ಗೇರ್‌ಬಾಕ್ಸಿನಡಿ ಪ್ಲೇಟು ಕೊಟ್ಟು ಬಿಗಿದ. ಅಳತೆ ಶನಿವಾರವೇ ಆಗಿತ್ತಲ್ಲ, ಮತ್ತೆ ಅಳೆಯಲಿಲ್ಲ. ಹಿಂದಿನ ಪಟ್ಟಿಗಳ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪ ಹೌಸಿಂಗಿನ ಮೂತಿಯನ್ನು ಮೇಲೆತ್ತಿ ಸರಿ ಮಾಡಿದ್ದರು. ಮಗ ಇಂಜಿನ್ನಿನ ಬಾಲವನ್ನು ಮೇಲೆತ್ತಿ, ಸರಿಯಾಗಿದ್ದದ್ದನ್ನೇ ಇನ್ನೊಂದು ಸಲ ಸರಿ ಮಾಡಿದ. ಮೊದಲು ಒಂದು ಕಡೆಗೆ ನಾಲ್ಕು ಡಿಗ್ರಿ ತಪ್ಪಿತ್ತು, ಈಗ ಇನ್ನೊಂದು ಕಡೆಗೆ ಅಷ್ಟೇ ತಪ್ಪಿತು. ನಡುಕ ಒಂದು ಚೂರೂ ಕಡಿಮೆಯಾಗಲಿಲ್ಲ.

"ಹೊಸ ಕ್ರಾಸು, ಕೂರೋಕೆ ಸ್ವಲ್ಪ ದಿನ ಬೇಕು," ಎಂದ ಪ್ರಸನ್ನ. ಅವನ ಮುಖದಲ್ಲಿ ಅನುಮಾನವಿತ್ತು. "ಬಸ್‌ಸ್ಟಾಪಿನ ತನಕ ಮೆಲ್ಲಗೆ ಹೋದ್ರೆ ಗೊತ್ತೂ ಆಗಲ್ಲ. ಬಿಚ್ಚಿ ಇನ್ನೊಮ್ಮೆ ನೋಡ್ಲಾ?"

"ಬಿಚ್ಚಿದ್ರೆ ಎಷ್ಟು ದಿನ?"

"ಒಂದು ವಾರ ಅನ್ನು."

ಡಿಸೆಂಬರ್ ಬಾಗಿಲಲ್ಲಿತ್ತು. "ಬೇಡ ರೀ," ಎಂದಳು ಸುಪ್ರಿಯಾ.

ಮಾವ ಕಾಫಿ ಲೋಟ ಹಿಡಿದು ಕೇಳಿದರು. "ಹೇಗೆ ಓಡ್ತಂತೆ? ನಡುಗ್ತಾ?"

ಅವಳು ಹಿತ್ತಲ ಕಡೆ ನೋಡುತ್ತಾ, "ಚೆನ್ನಾಗಿದೆಯಂತೆ ಮಾವ," ಎಂದಳು. ಮುದುಕರ ಮುಖ ಅರಳಿತು. ಯಾರ ಕೆಲಸದಿಂದ ಚೆನ್ನಾಯಿತೆಂದು ಅವರು ಕೇಳಲಿಲ್ಲ, ಅವರಿಗೆ ಗೊತ್ತಿತ್ತು.

ಆಮೇಲಿನ ದಿನಗಳನ್ನು ಸುಪ್ರಿಯಾ ಸಾಯುವ ತನಕ ಮರೆಯುವುದಿಲ್ಲ. ಮಂಜು ಹರಿಯುವ ಮುಂಚೆ ಜೀಪು ಗುಡ್ಡ ಇಳಿಯುವುದು, ಮೊದಲ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ಪ್ರಾರ್ಥನೆಯ ಗಂಟೆಗೆ ಮೊದಲೇ ಶಾಲೆಯ ಗೇಟು. ಹತ್ತನೇ ಕ್ಲಾಸಿನ ಮಕ್ಕಳು ಎದ್ದು ನಿಂತು "ನಮಸ್ತೇ ಮೇಡಂ" ಎಂದು ಎಳೆದಾಗ ಅವಳಿಗೆ ನಗು ತಡೆಯುತ್ತಿರಲಿಲ್ಲ. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ, "ಇನ್ನು ಪರೀಕ್ಷೆ ಮುಗಿಯೋ ತನಕ ನೀವೇ ಮೇಡಂ. ಬರೋ ವರ್ಷವೂ ನಿಮ್ಮ ಹೆಸರೇ ಬರೀತೀನಿ," ಎಂದರು. ಅವಳು ಮನೆಗೆ ಬಂದು ಅದನ್ನು ಯಾರಿಗೂ ಹೇಳಲಿಲ್ಲ, ದೃಷ್ಟಿಯಾದೀತೆಂದು.

ಒಂದು ಶನಿವಾರ, ಬೆಳಗಿನ ಶಾಲೆ. ಹೊರಡುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಹಸು ಕಟ್ಟು ಕಿತ್ತುಕೊಂಡು ತಡವಾಯಿತು. ಬಸ್‌ಸ್ಟಾಪಿಗೆ ಬಂದಾಗ ಬಸ್ಸು ಹೋಗಿಯಾಗಿತ್ತು.

"ಹಿಡೀಬಹುದು, ಕೂತ್ಕೋ," ಎಂದ ಪ್ರಸನ್ನ.

ಟಾರ್ ರಸ್ತೆಯಲ್ಲಿ ಜೀಪು ಅದುವರೆಗೆ ಅಷ್ಟು ಜೋರಾಗಿ ಓಡಿರಲಿಲ್ಲ. ಕಾಲಡಿಯ ತಗಡು ಗುಂಯ್‌ಗುಟ್ಟಿತು, ಅವಳ ಮಡಿಲ ಮೇಲಿನ ಟಿಫಿನ್ ಡಬ್ಬಿ ಕುಣಿಯಿತು. "ಸ್ವಲ್ಪ ಮೆಲ್ಲಗೆ ರೀ," ಎಂದಳು. "ಅಗೋ ಬಸ್ಸು, ಆ ತಿರುವಲ್ಲಿ," ಎಂದ ಅವನು. ಕಳಸದ ಕಡೆಯ ಇಳಿಜಾರಿನಲ್ಲಿ ಕೆಳಗಿನಿಂದ ಒಂದು ಏಟು ಬಿತ್ತು. ಕ್ರಾಸು ಮುರಿದು ಶಾಫ್ಟು ಕಳಚಿತ್ತು. ಒಂದು ತುದಿ ಸಿಕ್ಕಿಕೊಂಡೇ ಗರಗರ ತಿರುಗುತ್ತಾ ಬ್ರೇಕಿನ ಪೈಪನ್ನು ಹರಿದು ಹಾಕಿತು. ಪ್ರಸನ್ನ ಬ್ರೇಕು ತುಳಿದ, ಕಾಲು ನೆಲದ ತನಕ ಹೋಯಿತು. ಹ್ಯಾಂಡ್‌ಬ್ರೇಕು ಎಳೆದ. ಆ ಜಾತಿಯ ಹಳೇ ಜೀಪಿನಲ್ಲಿ ಅದು ಹಿಡಿಯುವುದು ಚಕ್ರವನ್ನಲ್ಲ, ಅದೇ ಶಾಫ್ಟನ್ನು. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಗುಡ್ಡ ಕಡಿದ ಧರೆ. ಅವನು ಜೀಪನ್ನು ಧರೆಗೆ ಗುದ್ದಿದ.

ಜೀವ ಉಳಿಯಿತು. ಅವನ ಹಣೆಗೆ ಹೊಲಿಗೆ ಬಿದ್ದವು, ಅವಳ ಬಲಗೈ ಮಣಿಕಟ್ಟು ಮುರಿಯಿತು.

ಸುದ್ದಿ ತಿಳಿದು ಓಂಕಾರಮೂರ್ತಿಯವರು ಹಾಲಿನ ವ್ಯಾನಿನಲ್ಲೇ ಆಸ್ಪತ್ರೆಗೆ ಬಂದರು. ಬೆಂಚಿನ ಮೇಲೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದ ಮಗನ ಮುಂದೆ ನಿಂತರು. ಆಮೇಲೆ, ಇಷ್ಟು ವಾರಗಳಲ್ಲಿ ಮೊದಲ ಬಾರಿಗೆ, ನೇರವಾಗಿ ಅವನನ್ನೇ ಕೇಳಿದರು.

"ಗೇರ್‌ಬಾಕ್ಸಿಗೆ ಪ್ಯಾಕಿಂಗ್ ಕೊಟ್ಟಿದ್ಯೇನೋ?"

"ಕೊಟ್ಟಿದ್ದೆ ಅಪ್ಪ. ನಾಲ್ಕು ಡಿಗ್ರಿ ತಪ್ಪಿತ್ತು."

"ನಾನು ಬೆಣೆ ಕೊಟ್ಟಿದ್ನಲ್ಲೋ! ಅದೇ ನಾಲ್ಕಕ್ಕೆ!"

"ಬೆಣೆನಾ? ಎಲ್ಲಿ? ಯಾವಾಗ?"

"ದಾರ ಹಿಡಿದು ನೋಡಿ ಕೊಟ್ಟೆ. ನಿಂಗೆ ಹೇಳು ಅಂತ ಇವಳಿಗೆ ಹೇಳಿದ್ದೆ."

ಇಬ್ಬರೂ ಒಟ್ಟಿಗೆ ತಿರುಗಿ ಸುಪ್ರಿಯಾಳನ್ನು ನೋಡಿದರು. ಏನಾಯಿತೆಂದು ಅರ್ಥವಾಗಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಬೋರ್ಡಿನ ಮೇಲೆ ಎರಡು ಗೆರೆ ಎಳೆದಿದ್ದರೆ ಎಂಟನೇ ಕ್ಲಾಸಿನ ಮಕ್ಕಳೂ ಹೇಳುತ್ತಿದ್ದರು. ಎರಡು ಗೆರೆಗಳೂ ಗೊತ್ತಿದ್ದದ್ದು ಇಡೀ ಮನೆಯಲ್ಲಿ ಅವಳೊಬ್ಬಳಿಗೇ.

"ಅಪ್ಪ ನಿಂಗೆ ಹೇಳಿದ್ರಾ?" ಪ್ರಸನ್ನ ಕೇಳಿದ.

"ಹೇಳಿದ್ರು," ಎಂದಳು. "ಬೈದಿದ್ದು ಬಿಟ್ಟು ಹೇಳೋಕೆ ಹೋಗಿ... ಅದೂ ಬಿಟ್ಟುಹೋಯ್ತು."

"ಮತ್ತೆ ನಡುಗ್ತಾ ಅಂತ ಕೇಳಿದ್ನಲ್ಲ ನಾನು? ಚೆನ್ನಾಗಿದೆ ಅಂದ್ಯಲ್ಲ?"

"ಜೀಪು ಬಿಚ್ಚಿದ್ರೆ ಕೆಲಸ ಹೋಗ್ತಿತ್ತು ಮಾವ."

ಮಾವ ಮಗನ ಪಕ್ಕ ಕೂತರು. ಮೆಲ್ಲಗೆ, "ಫೋನಲ್ಲಿ ಅಳೆದ್ಯಾ? ಸರಿಯಾಗಿ ನಾಲ್ಕೇ ಬಂತಾ?" ಎಂದರು.

"ಸರಿಯಾಗಿ ನಾಲ್ಕು. ನಿಮ್ಗೆ ದಾರದಲ್ಲಿ?"

"ಅದೇ, ಅಷ್ಟೇ ಬಂತು ಕಣೋ." ಆ ದನಿಯಲ್ಲಿ ಎಷ್ಟು ಹೆಮ್ಮೆ! ಸುಪ್ರಿಯಾ ಪ್ಲಾಸ್ಟರಿನ ಕೈಯನ್ನು ಇನ್ನೊಂದು ಕೈಯಲ್ಲಿ ಹೊತ್ತು ಎದುರಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡಳು.

ಮನೆಯಲ್ಲಿ ಹಬ್ಬ ಬಂದಂತಾಯಿತು. ಅಪ್ಪ ಮಗ ಒಟ್ಟಿಗೆ ಜೀಪನ್ನು ಎಳೆಸಿ ತಂದರು, ವಾರವಿಡೀ ಒಟ್ಟಿಗೆ ಅದರಡಿ ಮಲಗಿದರು. "ಸ್ಪ್ಯಾನರ್ ಕೊಡೋ", "ಹಿಡಿದೀನಿ ಅಪ್ಪ, ನೀವು ಬಿಗೀರಿ" ಎಂಬ ಮಾತು ಅಡುಗೆಮನೆ ತನಕ ಬರುತ್ತಿತ್ತು. ಮುದ್ದಮ್ಮ ಸಂತೋಷಕ್ಕೆ ಒತ್ತು ಶ್ಯಾವಿಗೆ ಮಾಡಿ ಕಾಯಿಹಾಲು ತೆಗೆದರು. ಎಡಗೈಯಲ್ಲಿ ಬಡಿಸಬಾರದಲ್ಲ, ಸುಪ್ರಿಯಾ ಗೋಡೆಗೊರಗಿ ಕೂತಿದ್ದಳು.

"ಪ್ಲಾಸ್ಟರ್ ಇದ್ರೂ ಪಾಠ ಮಾಡ್ಬಹುದು ಅತ್ತೆ," ಎಂದಳು. "ಬೋರ್ಡ್ ಮೇಲೆ ಮಕ್ಕಳೇ ಬರೀತಾರೆ. ಸೋಮವಾರದಿಂದ ಹೋಗ್ತೀನಿ. ಜೀಪು ಆಗುತ್ತಂತಲ್ಲ."

ಮುದ್ದಮ್ಮ ಶ್ಯಾವಿಗೆ ಬಡಿಸುವುದನ್ನು ನಿಲ್ಲಿಸಿ ಮಗನ ಕಡೆ ನೋಡಿದರು. ಮಗ ಅಪ್ಪನ ಕಡೆ ನೋಡಿದ.

"ಹೇಳಿಲ್ವೇನೋ?" ಅಂದರು ಓಂಕಾರಮೂರ್ತಿ.

"ಹೆಡ್‌ಮಾಸ್ಟರಿಗೆ ಫೋನ್ ಮಾಡಿದ್ದೆ," ಎಂದ ಪ್ರಸನ್ನ, ತಟ್ಟೆ ನೋಡುತ್ತಾ. "ಬರೋಕಾಗಲ್ಲ ಅಂದೆ. ಅವರು ಬೇರೆಯವರನ್ನ ತಗೊಂಡಿದಾರೆ."

"ನನ್ನ ಕೇಳದೆ?"

"ಏನು ಕೇಳೋದು? ಆ ಕೆಲಸದ ಅವಸರಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು? ಇಬ್ಬರೂ ಪ್ರಪಾತಕ್ಕೆ ಹೋಗ್ತಿದ್ವಿ. ಅಪ್ಪನೂ ಅದೇ ಅಂದ್ರು."

"ನಾವು ಇಬ್ಬರೂ ಕೂತು ಮಾತಾಡಿದ್ವಮ್ಮ," ಎಂದರು ಮಾವ. ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. "ಒಂದು ಮಾತು ಸರಿಯಾಗಿ ಮುಟ್ಟಿಸೋಕೆ ಆಗ್ಲಿಲ್ಲ ನಿನ್ನ ಕೈಲಿ. ಮಕ್ಕಳಿಗೆ ಏನು ಮುಟ್ಟಿಸ್ತೀಯ? ಮನೇಲಿರು, ಕೈ ಕೂಡಲಿ."

"ನೀವಿಬ್ರೂ ಮಾತಾಡಿದ್ರೆ ನಾನು ಯಾಕೆ ಮುಟ್ಟಿಸ್ಬೇಕಿತ್ತು ಮಾವ?"

ಮುದ್ದಮ್ಮ ಅವಳ ಭುಜ ಅದುಮಿ, "ಆಯ್ತು ಬಿಡೇ, ಅಂತೂ ಅಪ್ಪ ಮಗ ಒಂದಾದ್ರಲ್ಲ," ಎಂದು ಪಿಸುಗುಟ್ಟಿದರು. ಪ್ರಸನ್ನ ಅಪ್ಪನ ತಟ್ಟೆಗೆ ಕಾಯಿಹಾಲು ಹಾಕಿದ. ಸುಪ್ರಿಯಾ ಎದ್ದು ಹೋಗಿ ಹಿತ್ತಲಿನ ಕಲ್ಲಿನ ಮೇಲೆ ಕೂತು ಅತ್ತಳು. ಒಂದೇ ಕೈಯಲ್ಲಿ ಮುಖ ಮುಚ್ಚಿಕೊಂಡರೆ ಪೂರ್ತಿ ಮುಚ್ಚುವುದಿಲ್ಲ ಎಂಬುದು ಆಗ ಅವಳಿಗೆ ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ಅಪ್ಪ ಮಗ ಸಂಸೆಯ ದಾರಿಯಲ್ಲಿರುವ ಕಳಸಕ್ಕೆ ಹೊರಟರು, ಗೊಬ್ಬರ ತರಲು. ಹೊರಡುವ ಹೊತ್ತು ಅವಳ ಬಸ್ಸಿನ ಹೊತ್ತೇ ಆಗಿತ್ತು. ಅವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಓಂಕಾರಮೂರ್ತಿಯವರು ಸ್ಟೀರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ಪ್ರಸನ್ನ ಫೋನು ಹಿಡಿದು ಏನೋ ತೋರಿಸುತ್ತಿದ್ದ, ಇಬ್ಬರೂ ನಗುತ್ತಿದ್ದರು. ಜೀಪು ಅಂಗಳ ದಾಟಿ ಕಲ್ಲುದಾರಿಗಿಳಿಯಿತು. ಮಂಜಿನೊಳಗೆ ಅದು ಮರೆಯಾದ ಮೇಲೂ ಸದ್ದು ಕೇಳುತ್ತಿತ್ತು. ಗುಡ್ಡದ ಬುಡ ಮುಟ್ಟಿ ಟಾರ್ ರಸ್ತೆಗೆ ಹತ್ತಿದಾಗ ಮಾವ ಆಕ್ಸಿಲರೇಟರ್ ತುಳಿದದ್ದು ಗೊತ್ತಾಯಿತು.

ಒಂದೇ ಒಂದು ಸಲ ನಡುಗಲಿ ಎಂದು ಅವಳು ಬೇಡಿಕೊಂಡಳು. ಅಂಥದ್ದನ್ನು ಬೇಡಿಕೊಳ್ಳುತ್ತಿರುವುದಕ್ಕೆ ಅವಳಿಗೇ ನಾಚಿಕೆಯಾಯಿತು, ಆದರೂ ಬೇಡಿಕೊಂಡಳು. ಜೀಪು ನಡುಗಲಿಲ್ಲ. ಒಂದೇ ಸಮನೆ, ನುಣ್ಣಗೆ, ಸಂಸೆಯ ಕಡೆಯ ರಸ್ತೆಯಲ್ಲಿ ಅವಳಿಲ್ಲದೆ ಓಡಿತು.

"ಸುಪ್ರಿಯಾ, ಹಾಲು ಇಟ್ಟಿದೀನಿ, ಉಕ್ಕೀತು ನೋಡೇ," ಒಳಗಿನಿಂದ ಮುದ್ದಮ್ಮ ಕೂಗಿದರು. ಅವಳು ಹೋಗಿ ಒಲೆಯ ಮುಂದೆ ನಿಂತಳು.